ಏಳು ತಲೆಮಾರು ಬದುಕಿದ ಬೆಳಿಗ್ಗೆ

ಹೆಳವರ ಲಗಮಣ್ಣನ ಎತ್ತು ಸತ್ತ ಮೇಲೆ ಅದರ ಕೊರಳ ಗಂಟೆಯನ್ನು ಬಿಚ್ಚಿ ಮೊಪೆಡ್ಡಿನ ಹ್ಯಾಂಡಲ್ಲಿಗೆ ಕಟ್ಟಿದರು. ಆ ಎತ್ತಿಗೆ ರಾಮದುರ್ಗ ತಾಲೂಕಿನ ಮನೆತನಗಳೆಲ್ಲ ಬಾಯಿಪಾಠ ಬರುತ್ತಿದ್ದವು. ಸಾವಾದ ಮನೆಯ ಮುಂದೆ ಯಾರೂ ಹೇಳದೆ ಮುಂಗಾಲೆತ್ತಿ ನಿಲ್ಲುತ್ತಿತ್ತು. ಈಗ ಮೊಪೆಡ್ಡಿಗೂ ಆ ಗುಣ ಬಂದಿದೆ, ಸಾವಿನ ಮನೆ ಬಂದರೆ ತಾನಾಗಿ ಆರಿಬಿಡುತ್ತದೆ ಎಂದು ಊರವರು ಆಣೆ ಮಾಡಿ ಹೇಳುತ್ತಾರೆ. ಪೆಟ್ರೋಲು ಮುಗಿದಿರುತ್ತದೆ ಎನ್ನುತ್ತಾಳೆ ಲಗಮಣ್ಣನ ಮಗಳು ಸ್ನೇಹಲ್. ಅವಳು ಬೈಲಹೊಂಗಲದಲ್ಲಿ ಬಿಸಿಎ ಓದಿದವಳು. ಹೀಗಾಗಿ ಅವಳ ಮಾತನ್ನು ಯಾರೂ ನಂಬುವುದಿಲ್ಲ.

ಹೆಳವರೆಂದರೆ ವಂಶ ಹೇಳುವವರು. ಕೆಲವು ವರ್ಷಕ್ಕೊಮ್ಮೆ ಬಂದು ಮನೆಯ ಹೊಸ್ತಿಲ ಮುಂದೆ ಎತ್ತಿನ ಮೇಲೆ ಕೂತೇ, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾರೆ. ಸತ್ತವನ ಹೆಸರು ಬಂದರೆ “ಹೋದ” ಎನ್ನಬೇಕು, ಮನೆಯವರು ಸುಮ್ಮನಿರಬೇಕು. ಬದುಕಿದವನ ಹೆಸರು ಬಂದರೆ “ಅದಾನ” ಎನ್ನಬೇಕು. ಆಗ ಮನೆಯ ಯಜಮಾನ “ಅದಾನ” ಎಂದು ಓಗೊಟ್ಟು, ತನ್ನ ಬಲಗೈಯಿಂದ ಒಂದು ಮುಷ್ಟಿ ಜೋಳವನ್ನು ಹೆಳವನ ಜೋಳಿಗೆಗೆ ಬಿಡಬೇಕು. ಕಾಳು ಬಿತ್ತೆಂದರೆ ಮಾತು ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಅದನ್ನು ತಿದ್ದುವ ಹಾಗಿಲ್ಲ. ನಡುವೆ ಓದು ನಿಲ್ಲಿಸಿದರೆ ವಂಶ ಅಲ್ಲಿಗೇ ಕಡಿಯುತ್ತದೆ. ಬರೆದ ಹೆಸರನ್ನಾಗಲಿ ಗುರುತನ್ನಾಗಲಿ ಅಳಿಸಲೂ ಬಾರದು. ಹಿಂದೆ ಸವದತ್ತಿ ಕಡೆಯ ಹೆಳವನೊಬ್ಬ ಗೌಡನ ಮಾತಿಗೆ ಕಟ್ಟುಬಿದ್ದು ಒಂದು ಹೆಸರು ಅಳಿಸಿದ್ದನಂತೆ. ಮರುದಿನ ಬೆಳಿಗ್ಗೆ ಅವನ ಹೆಂಡತಿಗೆ ಅವನ ಹೆಸರು ನೆನಪಾಗಲಿಲ್ಲ. ಸಂಜೆಗೆ ಅವನ ನಾಯಿಯೇ ಅವನನ್ನು ಊರ ಹೊರಗೆ ಓಡಿಸಿಕೊಂಡು ಹೋಯಿತು.

ಲಗಮಣ್ಣನಿಗೆ ಲಕ್ವಾ ಹೊಡೆದಾಗ ಕೈಕಾಲು ಉಳಿದವು, ದನಿಯೂ ಉಳಿಯಿತು. ಹೋದದ್ದು ಹೆಸರುಗಳು. ಯಾರ ಮಗ ಯಾರು, ಯಾರು ಇದ್ದಾರೆ, ಯಾರಿಲ್ಲ ಎಂಬುದೆಲ್ಲ ಜರಡಿಯಲ್ಲಿ ಹಿಟ್ಟು ಸೋರಿದಂತೆ ಸೋರಿಹೋಯಿತು. ಓದು ಬರುತ್ತಿತ್ತು, ಎದುರಿಗಿಟ್ಟದ್ದನ್ನು ಓದುತ್ತಿದ್ದ. ಆದ್ದರಿಂದ ಸ್ನೇಹಲ್ ಮನೆಯ ಹಳೆಯ ಕಡತಗಳನ್ನೆಲ್ಲ ಬೈಲಹೊಂಗಲಕ್ಕೆ ತಂದು, ತಾನು ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುವ ಆಫೀಸಿನಲ್ಲಿ ಕೂತು, ಬಿಡುವಾದಾಗ ಎಕ್ಸ್‌ಎಂಎಲ್ ಫೈಲಿಗೆ ಹಾಕಿದಳು. ಅಪ್ಪನ ಹೊಟ್ಟೆಯೊಳಗೆ ಮಗ, ಮಗನ ಹೊಟ್ಟೆಯೊಳಗೆ ಮೊಮ್ಮಗ. ಆ ಫೈಲಿನ ಸ್ವಭಾವವೇ ಹಾಗಿದ್ದು ವಂಶಕ್ಕೆ ಹೇಳಿಮಾಡಿಸಿದಂತಿತ್ತು. ಸತ್ತವರ ಹೆಸರಿಗೆ ಅವಳ ಮುತ್ತಜ್ಜ ಮಸಿಯಲ್ಲಿ ಒಂದು ಗುರುತು ಹಾಕುತ್ತಿದ್ದ. ಸ್ನೇಹಲ್ ಅದರ ಬದಲು ಕೀಬೋರ್ಡಿನಲ್ಲಿ ಎಂಟರ ಮೇಲಿರುವ ಚಿಕ್ಕಿಯನ್ನು, ಅಂದರೆ ನಕ್ಷತ್ರದ ಗುರುತನ್ನು, ಒತ್ತಿದಳು.

ಆದರೆ ಆ ಫೈಲನ್ನು ಹಾಗೇ ಓದಲು ಬರುವುದಿಲ್ಲ, ಅದಕ್ಕೊಂದು ಸ್ಟೈಲ್‌ಶೀಟ್ ಬೇಕು. ಅದು ಇನ್ನೊಂದು ಸಣ್ಣ ಫೈಲು. ಯಾವ ಹೆಸರನ್ನು ಎಷ್ಟು ದೊಡ್ಡದಾಗಿ ತೋರಿಸಬೇಕು, ಯಾವ ಅಕ್ಷರದ ಬದಲು ಯಾವ ಅಕ್ಷರ ಕಾಣಬೇಕು ಎಂದೆಲ್ಲ ಹೇಳುವುದು ಅದರ ಕೆಲಸ. ಯಲ್ಲಮ್ಮನ ಗುಡ್ಡಕ್ಕೆ ಹೋದವನ ಮುಖಕ್ಕೆ ಅರಿಶಿನದ ಭಂಡಾರ ಮೆತ್ತಿದ ಹಾಗೆ. ಮುಖ ಮೊದಲಿನದೇ, ಕಾಣುವುದು ಹಳದಿ.

ಇಷ್ಟು ತಯಾರಿ ಆಗಿರುವಾಗ ಸಾಲಹಳ್ಳಿಯ ಕಾಡಪ್ಪನ ಫೋನು ಬಂತು.

ಕಾಡಪ್ಪ ಮಾತು ಕಮ್ಮಿಯ ಒಕ್ಕಲಿಗ. ದೊಡ್ಡ ನೆರೆ ಬಂದ ವರ್ಷ, ರಾಮದುರ್ಗದ ಸಂತೆಯಿಂದ ಬರುವಾಗ, ಮಲಪ್ರಭೆಯ ತಗ್ಗು ಸೇತುವೆಯ ಮೇಲೆ ಅವನ ಮಗ ಅಪ್ಪು ನೀರುಪಾಲಾಗಿದ್ದ. ಹೆಣ ಸಿಗಲಿಲ್ಲ. “ಬೆನ್ನ ಹಿಂದ ಬರತಿದ್ದ. ಹೊಳ್ಳಿ ನೋಡಿದ್ನಿ, ಇರಲಿಲ್ಲ” ಎಂದು ಕಾಡಪ್ಪ ಅವತ್ತು ಪೊಲೀಸರಿಗೆ ಹೇಳಿದ್ದ. ನೆಂಟರಿಗೂ ಅದನ್ನೇ ಹೇಳಿದ. ಇಷ್ಟು ವರ್ಷದಲ್ಲಿ ಆ ಮಾತಿನಲ್ಲಿ ಒಂದು ಶಬ್ದ ಹೆಚ್ಚಾಗಿರಲಿಲ್ಲ, ಒಂದು ಶಬ್ದ ಕಮ್ಮಿಯಾಗಿರಲಿಲ್ಲ. ಹೆಂಡತಿ ತಂಗೆವ್ವ ಕರ್ಮ ಮಾಡಲು ಬಿಡಲಿಲ್ಲ. ಈಗ ಮಗಳು ಅನ್ನಪೂರ್ಣಾಗೆ ಉಗರಗೋಳದಿಂದ ಸಂಬಂಧ ಬಂದಿತ್ತು. ಕುಂಕುಮ-ಭಂಡಾರದ ಅಂಗಡಿಯ ಶ್ರೀಶೈಲಪ್ಪ ಹುಡುಗನ ತಂದೆ. “ನಿಮ್ಮ ಮಗ ಅದಾನೋ ಇಲ್ಲೋ, ಅದೊಂದು ಹೇಳ್ರಿ. ಇಲ್ಲಂದ್ರ ಸೂತಕ ಕಳೀರಿ, ಅದಾನಂದ್ರ ತೋರಸ್ರಿ” ಎಂದಿದ್ದ. ಹೆಳವನೇ ಬಂದು ಹೊಸ್ತಿಲ ಮುಂದೆ “ಹೋದ” ಎಂದು ಹೇಳಿದರೆ ಎಲ್ಲರೂ ಒಪ್ಪುತ್ತಾರೆ ಎಂದು ಕಾಡಪ್ಪ ಲಗಮಣ್ಣನಿಗೆ ಫೋನಿನಲ್ಲಿ ಹೇಳಿದ. ಲಗಮಣ್ಣ ಮಗಳಿಗೆ ಹೇಳಿದ. ಸ್ನೇಹಲ್ ಅಪ್ಪುವಿನ ಹೆಸರಿಗೆ ಚಿಕ್ಕಿ ಒತ್ತಿದಳು.

ಆ ವಾರವೇ ತಂಗೆವ್ವ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದಳು. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸೀದಾ ಸ್ನೇಹಲಳ ಟೇಬಲ್ಲಿಗೆ ನಡೆದಳು.

“ಲಗಮಣ್ಣನ ಮಗಳು ನೀನ ಹೌದಲ್ಲ?”

“ಹೌದ್ರಿ. ಕುಂಡ್ರಿ. ತಾವು ಯಾರ್ರಿ?”

“ಸಾಲಹಳ್ಳಿ ಕಾಡಪ್ಪನ ಮನಿಯಾಕಿ. ನನ್ನ ಮಗಗ ಚಿಕ್ಕಿ ಹಚ್ಚೀಯಂತಲ್ಲ?”

“ಯಜಮಾನ್ರು ಹೇಳಿದ್ರು. ಅಪ್ಪ ಹಚ್ಚು ಅಂದ, ಹಚ್ಚೇನ್ರಿ.”

“ಅಳಸು.”

“ಅಳಸಾಕ ಬರೂದಿಲ್ರಿ ಯವ್ವಾ.”

“ಯಾಕ, ನಿನ್ನ ಕಂಪ್ಯೂಟರದಾಗ ರಬ್ಬರ ಇಲ್ಲೇನು?”

“ಕಂಪ್ಯೂಟರದಾಗ ಐತ್ರಿ. ಹೆಳವರ ಕಡೆ ಇಲ್ಲ.”

ತಂಗೆವ್ವ ಕೂತಳು. ಗಂಟು ಬಿಚ್ಚಿ ಎರಡು ರೊಟ್ಟಿ, ಶೇಂಗಾ ಹಿಂಡಿ ತೆಗೆದು ಕೀಬೋರ್ಡಿನ ಪಕ್ಕ ಇಟ್ಟಳು.

“ತಿನ್ನು. ಅವನ ಪಾಲಿನವು. ದಿನಾ ಎರಡು ಹೆಚ್ಚಿಗಿ ಬಡೀತೇನಿ. ಬಂದ್ರ ಬರಲಿ ಅಂತ. ಬರಲಿಲ್ಲಂದ್ರ ಯಾರರೆ ತಿನ್ನಬೇಕಲ್ಲ.” ರೊಟ್ಟಿಯನ್ನು ಇನ್ನಷ್ಟು ಮುಂದೆ ಸರಿಸಿ ಕೇಳಿದಳು. “ಹೆಣಾ ನೋಡೀಯೇನ ನೀ?”

“ಇಲ್ರಿ.”

“ನಿಮ್ಮಪ್ಪ ನೋಡ್ಯಾನೇನು?”

“ಇಲ್ರಿ.”

“ಮತ್ತ? ಕಾಡಪ್ಪ ಹೋದ ಅಂದ ಅಂತ ನನ್ನ ಮಗ ಹೋಗಬೇಕೇನು? ಅಂವ ಬೆನ್ನ ಹಿಂದಿದ್ದ ಹುಡುಗನ್ನ ನೋಡಲಾರದಾಂವ. ಹೋದದ್ದ ಹೆಂಗ ನೋಡಿದ?”

ಸ್ನೇಹಲ್ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಆ ರೊಟ್ಟಿ ತಿಂದವರು ಯಾರಾದರೂ ಸರಿಯೇ, ತಂಗೆವ್ವನ ಮಾತು ಕೇಳಲೇಬೇಕಾಗುತ್ತಿತ್ತು ಎಂದು ಆಮೇಲೆ ಅವಳು ಹೇಳಿಕೊಂಡಳು.

“ಅಳಸೂದಿಲ್ರಿ,” ಎಂದಳು ನಿಧಾನವಾಗಿ. “ಕಾಣಧಂಗ ಮಾಡತೇನಿ. ಚಿಕ್ಕಿ ಒಳಗ ಇರತೈತಿ, ಹೊರಗ ಕಾಣೂದಿಲ್ಲ.”

“ಕಾಣಲಿಲ್ಲಂದ್ರ ನಿಮ್ಮಪ್ಪ ಏನಂತ ಓದತಾನ?”

“ಅದಾನ ಅಂತ.”

“ಸಾಕ ನನಗ,” ಎಂದು ತಂಗೆವ್ವ ಎದ್ದು ಚಪ್ಪಲಿ ಮೆಟ್ಟಿದಳು.

ಸ್ನೇಹಲ್ ಸ್ಟೈಲ್‌ಶೀಟ್ ತೆಗೆದು ಒಂದು ಸಾಲು ಸೇರಿಸಿದಳು. ಹೆಸರಿನೊಳಗೆ ಚಿಕ್ಕಿ ಕಂಡರೆ ಅದರ ಜಾಗದಲ್ಲಿ ಏನನ್ನೂ ಇಡಬೇಡ ಎಂದು ಅದರ ಅರ್ಥ. ಈ ಕೆಲಸ ಕಲಿತ ಬೇರೆ ಯಾರೇ ಆಗಿದ್ದರೂ, ಈ ನಿಯಮ ಅಪ್ಪು ಒಬ್ಬನಿಗೆ ಮಾತ್ರ ಎಂದು ಅಲ್ಲಿ ಹೆಸರು ಹಾಕುತ್ತಿದ್ದರು. ಆದರೆ ಹೆಳವರ ಮನೆಯಲ್ಲಿ ಹುಟ್ಟಿದವರು ಒಂದು ಹೆಸರನ್ನು ಒಂಟಿಯಾಗಿ ಬರೆಯುವುದಿಲ್ಲ. ಹಿಂದೆ ಅಪ್ಪನಿರಬೇಕು, ಅಪ್ಪನ ಹಿಂದೆ ಅಜ್ಜನಿರಬೇಕು. ಒಂಟಿ ಹೆಸರು ಕಲ್ಲಿನ ಮೇಲಿನ ಹೆಸರು, ಗೋರಿಯ ಹೆಸರು. ಅವಳ ಬೆರಳು ‘ಅಪ್ಪು’ ಎಂದು ಒತ್ತಲು ಹೋಗಿ ಹಿಂದೆ ಸರಿಯಿತು. ಸಾಲನ್ನು ಹಾಗೇ ಬಿಟ್ಟಳು. ಸಾಲಹಳ್ಳಿಯ ಪುಟ ತೆಗೆದು ಅಪ್ಪುವಿನ ಹೆಸರನ್ನಷ್ಟೇ ನೋಡಿದಳು. ಚಿಕ್ಕಿ ಇರಲಿಲ್ಲ. ಮುಚ್ಚಿದಳು. ಅವನ ಮೇಲೆ ಯಾರ್ಯಾರಿದ್ದಾರೆ ಎಂದು ನೋಡಲಿಲ್ಲ.

ಗೊತ್ತುಮಾಡಿದ ದಿನ ಬೆಳಿಗ್ಗೆ ಮೊಪೆಡ್ಡು ಕಾಡಪ್ಪನ ಮನೆಯ ಮುಂದೆ ಬಂದು ತಾನಾಗಿ ಆರಿತು. “ನೋಡ್ರಿ, ಗೊತ್ತಾತು ಅದಕ್ಕ” ಎಂದಳು ಪಕ್ಕದ ಮನೆಯ ಮುದುಕಿ ಕೆಂಪವ್ವ. ಸ್ನೇಹಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಳು. ಪೆಟ್ರೋಲು ಅರ್ಧ ಇತ್ತು. ಮುಚ್ಚಳ ಮುಚ್ಚಿ ಸುಮ್ಮನಾದಳು.

ಕಟ್ಟೆಯ ಮೇಲೆ ಶ್ರೀಶೈಲಪ್ಪ ಜರಿ ರುಮಾಲು ಸುತ್ತಿಕೊಂಡು ಕೂತಿದ್ದ. ಅನ್ನಪೂರ್ಣಾ ಕಿಟಕಿಯ ಹಿಂದಿದ್ದಳು. ಕಾಡಪ್ಪ ಹೊಸ್ತಿಲ ಈಚೆ ನಿಂತಿದ್ದ, ತಂಗೆವ್ವ ಜೋಳ ತುಂಬಿದ ಮೊರ ಹಿಡಿದು ಅವನ ಬಲಗಡೆ ನಿಂತಿದ್ದಳು. ಗಂಡ ಹೆಂಡತಿ ಇಬ್ಬರ ಮುಖದಲ್ಲೂ ಒಂದೇ ನೆಮ್ಮದಿ ಇತ್ತು. ಇಬ್ಬರಿಗೂ ಹೆಳವ ತಮ್ಮ ಕಡೆಯವನೆಂಬ ಧೈರ್ಯ.

ಲಗಮಣ್ಣ ಸೀಟಿನ ಮೇಲೆ ಕೂತೇ ಗಂಟೆ ಬಾರಿಸಿದ. ಸ್ನೇಹಲ್ ಮೊಬೈಲನ್ನು ಅವನ ಕಣ್ಣೆದುರು ಹಿಡಿದಳು.

“ಕಿತ್ತೂರ ಕೋಟಿ ಕುದರಿ ಲಾಯ ಬಿಟ್ಟು, ಹೊಳಿ ದಾಟಿ ಬಂದು, ಸಾಲಹಳ್ಳ್ಯಾಗ ನೇಗಿಲ ಹೂಡಿದ ಮೂಲಪುರುಷ ನಿಜಗುಣಪ್ಪ…” ಎಂದು ರಾಗ ಎಳೆದು, ಲಗಮಣ್ಣ ಚಿಕ್ಕಿಗಾಗಿ ಪರದೆ ನೋಡಿದ. ಚಿಕ್ಕಿ ಇರಲಿಲ್ಲ. “…ಅದಾನ!”

ಒಂದು ಕಾಗೆ ಕೂಗಿತು.

“ಎಲ್ಲಿ ಅದಾನ?” ಎಂದಳು ಕೆಂಪವ್ವ. “ನಾ ಇಷ್ಟ ವರ್ಸದಾಗ ಒಂದಿನಾನೂ ಕಂಡಿಲ್ಲಲ್ಲವಾ.”

“ರೇಶನ್ ಕಾರ್ಡಿನಾಗ ಹೆಸರ ಐತೇನ್ರಿ ಯಜಮಾನ್ರ?” ಎಂದ ಶ್ರೀಶೈಲಪ್ಪ.

ತಾನು ಸೇರಿಸಿದ ಒಂದು ಸಾಲು ಎಷ್ಟು ಜನರ ಚಿಕ್ಕಿ ನುಂಗಿದೆ ಎಂದು ಸ್ನೇಹಲಳಿಗೆ ಆಗ ಹೊಳೆಯಿತು. “ಅಪ್ಪಾ…” ಎಂದಳು. ಲಗಮಣ್ಣ ಕಾಲಿನಿಂದ ಅವಳ ಕಾಲನ್ನು ಒದ್ದ. ನಡುವೆ ಬಾಯಿ ಹಾಕಿದರೆ ವಂಶ ಕಡಿಯುತ್ತದೆ. ಕಾಡಪ್ಪನಿಗೂ ಅದು ಗೊತ್ತಿತ್ತು. ಅವನು ಒಮ್ಮೆ ಸುತ್ತ ನೋಡಿ, ಮೊರಕ್ಕೆ ಕೈಹಾಕಿ, “ಅದಾನ” ಎಂದು ಒಂದು ಮುಷ್ಟಿ ಜೋಳ ಬಿಟ್ಟ. ಕಾಳು ಬಿತ್ತು, ಮಾತು ಮುಗಿಯಿತು. ಇನ್ನೂರು ವರ್ಷದ ಹಿಂದೆ ಮಣ್ಣಾದ ನಿಜಗುಣಪ್ಪ ಬದುಕಿದ.

ಅವನ ಮಗ ಬಂದ, ಅವನೂ ಅದಾನ. ಮೊಮ್ಮಗ ಬಂದ, ಪ್ಲೇಗಿನಲ್ಲಿ ಸತ್ತವನು, ಅವನೂ ಅದಾನ. ಹುಲಿ ಹಿಡಿದವನು ಅದಾನ, ಹುಲಿ ಹಿಡಿದ ಎಂದು ಸುಳ್ಳು ಹೇಳಿದ ಅವನ ತಮ್ಮನೂ ಅದಾನ. ಕಟ್ಟೆಯ ಸುತ್ತ ಜನ ಸೇರಿ ನಗತೊಡಗಿದರು.

“ಇಷ್ಟು ಮಂದಿ ಬದುಕಿದ್ರ ಲಗ್ನದಾಗ ಪಂಕ್ತಿ ಎಷ್ಟ ಹಾಕಬೇಕ್ರೀಪಾ?” ಎಂದ ಶ್ರೀಶೈಲಪ್ಪ.

“ಹಲ್ಲಿಲ್ಲದವರು, ಗೋದಿ ಹುಗ್ಗಿ ಮಾಡಿದ್ರ ಮುಗೀತು ಬಿಡ್ರಿ” ಎಂದಳು ಕೆಂಪವ್ವ.

ಆದರೆ ನಾಲ್ಕನೇ ತಲೆಮಾರಿನ ಹೊತ್ತಿಗೆ ನಗು ತಾನಾಗಿ ನಿಂತಿತು. ಒಳಗೆ ಖಾಲಿ ಇದ್ದ ಹೊರಸಿನ ಮಂಚ ಕಿರುಗುಟ್ಟಿತು. ಯಾರೂ ಸೇದದ ಹೊಗೆಸೊಪ್ಪಿನ ವಾಸನೆ ಹೊಸ್ತಿಲು ದಾಟಿ ಬಂತು. ಜಗುಲಿಯ ಮೇಲೆ ಮಲಗಿದ್ದ ನಾಯಿ ಎದ್ದು, ಯಾರಿಗೋ ಜಾಗ ಬಿಡುವಂತೆ ಹಿಂದೆ ಹಿಂದೆ ಸರಿದು ಬೀದಿಗಿಳಿಯಿತು. ಕೆಂಪವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. “ದೊಡ್ಡವರು ಬಂದಾರ” ಎಂದಳು ಮೆಲ್ಲಗೆ. ಈ ಸಲ ಯಾರೂ ಅವಳಿಗೆ ತಮಾಷೆ ಮಾಡಲಿಲ್ಲ.

“ಕಾಡಪ್ಪನ ತಂದಿ ಶಟ್ಟೆಪ್ಪ… ಅದಾನ!”

ಕಾಡಪ್ಪನ ಕಣ್ಣು ತುಂಬಿದವು. “ಅದಾನ” ಎಂದ. ಕಾಳು ಬಿಟ್ಟ. ಆಮೇಲೆ ತನ್ನದೇ ಹೆಸರು ಬಂತು. “ಅದಾನ” ಎಂದು ತನಗೂ ಒಂದು ಮುಷ್ಟಿ ಬಿಟ್ಟುಕೊಂಡ.

ಮೊರದ ತಳ ಕಾಣುತ್ತಿತ್ತು. ಉಳಿದಿದ್ದುದನ್ನು ತಂಗೆವ್ವ ಮೊರ ಓರೆ ಮಾಡಿ ಗಂಡನ ಕೈಯ ಕಡೆ ಸರಿಸಿದಳು.

“ಕಾಡಪ್ಪನ ಮಗ ಅಪ್ಪು…” ಲಗಮಣ್ಣ ಪರದೆ ನೋಡಿದ. “ಅದಾನ!”

“ಅದಾನ!” ಎಂದಳು ತಂಗೆವ್ವ. ಹೆಂಗಸರು ಓಗೊಡುವ ಪದ್ಧತಿಯಿಲ್ಲ, ಆದರೂ ಅಂದಳು. ಆ ದನಿ ಓಣಿಯ ಕೊನೆಯವರೆಗೂ ಹೋಯಿತು. “ಬಿಡ್ರಿ. ಕಾಳ ಬಿಡ್ರಿ.”

ಕಾಡಪ್ಪ ಕಾಳು ಹಿಡಿದಿದ್ದ. ಜೋಳಿಗೆಯ ಮೇಲೆ ಕೈ ಚಾಚಿದ್ದ. ಆದರೆ ಮುಷ್ಟಿ ಬಿಚ್ಚಲಿಲ್ಲ.

ಎಲ್ಲರೂ ಕಾದರು. ಮುಷ್ಟಿ ಬಿಗಿದಷ್ಟೂ ಬಿಗಿಯಿತು, ಬೆರಳ ಗೆಣ್ಣುಗಳು ಬೆಳ್ಳಗಾದವು. ಶ್ರೀಶೈಲಪ್ಪ ಎದ್ದು ನಿಂತ. “ಏನಾತ್ರಿ ಬೀಗರ? ಸೆಳಕ ಹಿಡೀತೇನು?”

ಕಾಡಪ್ಪ ಎಡಗೈಯಿಂದ ಬಲಗೈ ಬೆರಳು ಬಿಡಿಸಲು ನೋಡಿದ, ಆಗಲಿಲ್ಲ. ತಂಗೆವ್ವ ಮೊರ ಕೆಳಗಿಟ್ಟು ಹತ್ತಿರ ಬಂದಳು. ಹೆಬ್ಬೆರಳು ಹಿಡಿದು ಎಳೆದಳು, ಕಿರುಬೆರಳು ಹಿಡಿದು ಎಳೆದಳು. ಹೊಲದ ಮೊದಲ ಫಸಲಿನ ತೆನೆ ಬಿಡಿಸುವವಳಂತೆ ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ಒಂದು ಕಾಳೂ ಉದುರಲಿಲ್ಲ. ಅವಳು ಎಳೆಯುವುದನ್ನು ನಿಲ್ಲಿಸಿ ಆ ಮುಷ್ಟಿಯನ್ನು ನೋಡುತ್ತ ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

“ಬೆನ್ನ ಹಿಂದ ಬರತಿದ್ದ ಅಂದಿದ್ರಿ.”

ಕಾಡಪ್ಪ ತನ್ನ ಮುಷ್ಟಿಯನ್ನೇ ನೋಡಿದ.

“ಇದ ಕೈಯಾಗ ಇದ್ದನೇನು?”

“ಕೈ ಹಿಡದಿದ್ನಿ” ಎಂದ ಕಾಡಪ್ಪ. ಆಮೇಲೆ, “ನೀರು ಭಾಳ ಇತ್ತು” ಎಂದ. ಅಷ್ಟು ವರ್ಷದಿಂದ ಒಂದು ಶಬ್ದವೂ ಬದಲಾಗದಿದ್ದ ಮಾತು ಅವತ್ತು ಬದಲಾಯಿತು.

ತಂಗೆವ್ವ ಅಳಲಿಲ್ಲ. ಅವನ ಮುಷ್ಟಿಯನ್ನು ಮೆಲ್ಲಗೆ ಅವನ ಎದೆಯ ಕಡೆ ಸರಿಸಿ ಬಿಟ್ಟಳು. “ಹಿಂಗ ಹಿಡಿಯಾಕ ಬರತಿತ್ತಲ್ಲ ನಿಮಗ” ಎಂದಳು.

ಆಮೇಲೆ ಮೊಪೆಡ್ಡಿನ ಕಡೆ ತಿರುಗಿದಳು.

“ಅಣ್ಣಾ, ಕಾಳ ಬಿದ್ದಿಲ್ಲ. ಮಾತ ಮುಗದಿಲ್ಲ ಹೌದಲ್ಲ?”

“ಇಲ್ಲ ತಂಗಿ” ಎಂದ ಲಗಮಣ್ಣ.

“ಮತ್ತೊಮ್ಮಿ ಓದು. ಖರೇದ್ದ ಓದು.”

ಲಗಮಣ್ಣ ಪರದೆ ನೋಡಿದ, ಮಗಳನ್ನು ನೋಡಿದ. “ಇಲ್ಲಿ ಅದಾನ ಅಂತನ ಐತೆವ್ವಾ. ನನಗ ಬ್ಯಾರೆ ಏನೂ ಗೊತ್ತಿಲ್ಲ.”

“ಹುಡುಗೀ,” ಎಂದಳು ತಂಗೆವ್ವ, ಸ್ನೇಹಲಳ ಮುಖ ನೋಡದೆ, “ಕಾಣೂವಂಗ ಮಾಡು.”

ಸ್ನೇಹಲ್ ಸ್ಟೈಲ್‌ಶೀಟ್ ತೆರೆದು ಆ ಒಂದು ಸಾಲನ್ನು ತೆಗೆದಳು. ಪರದೆಯ ತುಂಬ ಚಿಕ್ಕಿಗಳು ಒಮ್ಮೆಲೇ ಮೂಡಿದವು, ಅಮಾವಾಸ್ಯೆಯ ಆಕಾಶದ ಹಾಗೆ. ಮೂಲಪುರುಷನಿಗೆ ಬಂತು, ಪ್ಲೇಗಿನವನಿಗೆ ಬಂತು, ಶಟ್ಟೆಪ್ಪನಿಗೆ ಬಂತು. ಆದರೆ ಅವರ ಕಾಳು ಆಗಲೇ ಜೋಳಿಗೆಯಲ್ಲಿತ್ತು. ಅವರ ಮಾತು ಮುಗಿದಿತ್ತು. ಓದಲು ಉಳಿದದ್ದು ಒಂದೇ ಹೆಸರು.

“ಕಾಡಪ್ಪನ ಮಗ ಅಪ್ಪು,” ಎಂದ ಲಗಮಣ್ಣ. ಈ ಸಲ ರಾಗ ಎಳೆಯಲಿಲ್ಲ. “ಹೋದ.”

ಮನೆಯವರು ಸುಮ್ಮನಿದ್ದರು. ಪದ್ಧತಿಯೂ ಅದೇ.

ಅನ್ನಪೂರ್ಣಾಳ ಲಗ್ನ ಆಯಿತು. ಶ್ರೀಶೈಲಪ್ಪ ಎರಡನೇ ಮಾತಾಡಲಿಲ್ಲ. ಕಾಡಪ್ಪ ಅಕ್ಕಿಕಾಳನ್ನು ಎಡಗೈಯಿಂದ ಹಾಕಿದ. ಬಂದವರು ನೋಡಿಯೂ ನೋಡದ ಹಾಗೆ ಉಂಡು ಎದ್ದರು. ಅವನನ್ನು ಸವದತ್ತಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ಫೋಟೋ ತೆಗೆಸಿ, ನರ ಸರಿ ಇದೆ, ಎಲುಬು ಸರಿ ಇದೆ, ಒಳಗೆ ಜೋಳ ಇದೆ ಎಂದು ಬರೆದುಕೊಟ್ಟರು. “ಆ ಮುಷ್ಟಿ ನಮ್ಮ ಜೋಳಿಗಿದು. ಯಾವಾಗರೆ ಬಿಚ್ಚಿದ್ರ ಹೇಳಿಕಳಸ್ರಿ” ಎಂದು ಲಗಮಣ್ಣ ವಂಶ ಓದಿದ ದಿನವೇ ಹೇಳಿ ಬಂದಿದ್ದ. ಇನ್ನೂ ಯಾರೂ ಹೇಳಿಕಳಿಸಿಲ್ಲ.

ಮಳೆ ಹಿಡಿದ ಮೇಲೆ ಕೆಂಪವ್ವ ಸ್ನೇಹಲಳಿಗೆ ಫೋನು ಮಾಡಿದ್ದಳು. ಕಾಡಪ್ಪನ ಬೆರಳ ಸಂದಿನಿಂದ ಜೋಳದ ಮೊಳಕೆ ಬಂದಿದೆಯಂತೆ, ಹಸಿರಾಗಿ, ಗೇಣುದ್ದ. ಮನೆಯ ತುಂಬ ಹಿರಿಯರ ಕೆಮ್ಮು, ಹೊಗೆಸೊಪ್ಪಿನ ವಾಸನೆ. ರಾತ್ರಿ ಯಾವ ಹೊರಸೂ ಖಾಲಿ ಇರುವುದಿಲ್ಲವಂತೆ.

“ತಂಗೆವ್ವ ಹೆಂಗದಾರ್ರೀ?” ಎಂದು ಕೇಳಿದಳು ಸ್ನೇಹಲ್.

“ಅದಾಳ” ಎಂದಳು ಕೆಂಪವ್ವ. “ಸೋಮಾರಕ್ಕೊಮ್ಮಿ ಅವನ ಉಗುರ ತಗೀತಾಳ. ಆ ಮೊಳಕಿನೂ ಅದರ ಜೋಡಿನ ಕತ್ತರಸತಾಳ. ಮಾತಿಲ್ಲ ಕತಿಯಿಲ್ಲ.”

“ರೊಟ್ಟಿ ಬಡೀತಾರೇನ್ರಿ?”

“ಬಡೀತಾಳವಾ. ಗಂಡಗೆರಡು, ತನಗೊಂದು. ಹೆಚ್ಚಿಗಿ ಒಂದೂ ಇಲ್ಲ. ಎಣಿಸಿ ಬಡೀತಾಳ.”